ತೊಗರಿ ಪುಡಿಯಿಂದ ಹಾಲಿನ ಯೂರಿಯಾ ಪರೀಕ್ಷೆ: ಒಂದು ಪೆಟ್ಟಿಗೆಯ ಆರು ವಾರಗಳ ದಾಖಲೆ

ಹಾಲಿನಲ್ಲಿ ಯೂರಿಯಾ ಬೆರೆತಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಒಂದು ಸರಳ ಪರೀಕ್ಷೆಯನ್ನು ಸೂಚಿಸಿದೆ. ಒಂದು ಚಮಚ ಹಾಲಿಗೆ ಅರ್ಧ ಚಮಚ ಸೋಯಾ ಅಥವಾ ತೊಗರಿಯ ಪುಡಿ ಹಾಕಿ ಚೆನ್ನಾಗಿ ಕುಲುಕಿ, 5 ನಿಮಿಷದ ನಂತರ ಕೆಂಪು ಲಿಟ್ಮಸ್ ಕಾಗದವನ್ನು ಅರ್ಧ ನಿಮಿಷ ಅದ್ದಿ ತೆಗೆಯಬೇಕು. ಕಾಗದ ನೀಲಿಗೆ ತಿರುಗಿದರೆ ಯೂರಿಯಾ ಇದೆ ಎಂದು ತಿಳಿಯಬೇಕು. ತೊಗರಿಯಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಹೊರಡಿಸುತ್ತದೆ, ಆ ಅಮೋನಿಯಾ ಹಾಲನ್ನು ಪ್ರತ್ಯಾಮ್ಲದ ಕಡೆಗೆ ತಳ್ಳುತ್ತದೆ, ಸೂಚಕದ ಬಣ್ಣ ಬದಲಾಗುತ್ತದೆ.

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿಯ ಮನೆಯಲ್ಲಿ ಸೀಮೆಹಸುಗಳಿವೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿಯೇ ಅವರು ಶಾಲೆಗೆ ಬರುತ್ತಾರೆ. ಕಿಣ್ವದ ಪಾಠಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗ ಬೇರೊಂದಿಲ್ಲ ಎಂದುಕೊಂಡು, 12 ಪ್ರನಾಳಗಳನ್ನು ಒಂದೇ ಶಾಖದಲ್ಲಿ ಇಡಬಲ್ಲ ಒಂದು ಪೆಟ್ಟಿಗೆಯನ್ನು ಕಟ್ಟಲು ಹೊರಟೆ. ಎರಡು ಭಾನುವಾರಗಳ ಕೆಲಸ ಎಂದು ಅಂದಾಜಿಸಿದ್ದೆ, ಆರು ವಾರ ಹಿಡಿಯಿತು. ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದನ್ನು ತಪ್ಪುಗಳ ಸಮೇತ ದಿನಾಂಕದ ಕ್ರಮದಲ್ಲಿ ಇಲ್ಲಿ ಕೊಡುತ್ತಿದ್ದೇನೆ.

ನವೆಂಬರ್ 9

ಶಾಲೆಯಲ್ಲಿದ್ದ ಲಿಟ್ಮಸ್ ಪುಸ್ತಕ ಹಳೆಯದಾಗಿ ಬಣ್ಣ ಮಾಸಿದ್ದರಿಂದ ಅರಿಸಿನದ ಕಾಗದದಿಂದ ಆರಂಭಿಸಿದೆ. ಅರಿಸಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ಸೋಸುವ ಕಾಗದವನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದೆ. ಅಡುಗೆಮನೆಯ ಡಬ್ಬದಿಂದ 100 ಗ್ರಾಂ ತೊಗರಿಬೇಳೆ ತೆಗೆದು ಮಿಕ್ಸಿಯಲ್ಲಿ ಪುಡಿ ಮಾಡಿ ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಪುಡಿ ಒಣಗಿದ್ದಂತೆ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತಿತ್ತು. ಆದ್ದರಿಂದ ಮನೆಯ ಕೊಳವೆಬಾವಿಯ ನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿಕೊಂಡೆ. ನಮ್ಮದೇ ಹಸುವಿನ 100 ಮಿಲಿ ಹಾಲಿಗೆ ಹೊಲಕ್ಕೆ ತಂದಿದ್ದ ಯೂರಿಯಾದಿಂದ 200 ಮಿಲಿಗ್ರಾಂ ಬೆರೆಸಿ ಪರೀಕ್ಷಿಸಿದೆ. 5 ನಿಮಿಷ, 10 ನಿಮಿಷ, 20 ನಿಮಿಷ ಕಳೆದರೂ ಅರಿಸಿನದ ಕಾಗದ ಹಳದಿಯಾಗಿಯೇ ಉಳಿಯಿತು.

ಆ ದಿನ ನನ್ನ ಪ್ರಯೋಗದಲ್ಲಿ ಒಂದರ ಹಿಂದೆ ಒಂದು ಅಡಗಿದ್ದ ಮೂರು ದೋಷಗಳಿದ್ದವು. ಒಂದನ್ನು ಸರಿಪಡಿಸಿದರೂ ಉಳಿದವು ಫಲಿತಾಂಶವನ್ನು ಹಾಗೆಯೇ ಕೆಡಿಸುತ್ತಿದ್ದುದರಿಂದ ಪೂರ್ತಿ ಒಂದು ವಾರ ನಷ್ಟವಾಯಿತು.

ನವೆಂಬರ್ 12

ಮೊದಲು ಶಂಕಿಸಿದ್ದು ಕಾಗದವನ್ನು. ಅರಿಸಿನ ಕೆಂಪಾಗಬೇಕಾದರೆ ದ್ರಾವಣದ ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ, ಏರಿದಷ್ಟೂ ಪ್ರತ್ಯಾಮ್ಲ ಹೆಚ್ಚು) 8 ದಾಟಬೇಕು. ಹಸುವಿನ ಹಾಲಿನ ಪಿಎಚ್ 6.6ರಿಂದ 6.8ರ ಆಸುಪಾಸಿನಲ್ಲಿರುತ್ತದೆ, ಜೊತೆಗೆ ಹಾಲಿನ ಪ್ರೋಟೀನು ಮತ್ತು ಫಾಸ್ಫೇಟು ಪಿಎಚ್ ಸುಲಭವಾಗಿ ಏರಲು ಬಿಡುವುದಿಲ್ಲ. ಅಷ್ಟು ಎತ್ತರಕ್ಕೆ ಏರುವಷ್ಟು ಅಮೋನಿಯಾ ಹುಟ್ಟುವ ಮೊದಲೇ ನನ್ನ ತಾಳ್ಮೆ ಮುಗಿಯುತ್ತಿತ್ತು. ಪೇಟೆಯಿಂದ ಹೊಸ ಕೆಂಪು ಲಿಟ್ಮಸ್ ತಂದು ಅದ್ದಿದಾಗ ಕಾಗದ ಒಂದೇ ನಿಮಿಷದಲ್ಲಿ ನೀಲಿಯಾಯಿತು. ಮರುದಿನ ತರಗತಿಯಲ್ಲಿ ಪ್ರಯೋಗ ಗೆದ್ದಿತೆಂದು ಹೇಳಿಯೂಬಿಟ್ಟೆ.

ಸಂಜೆ ಒಬ್ಬ ಹುಡುಗಿ ಯೂರಿಯಾ ಹಾಕದ ಹಾಲಿನಲ್ಲಿ ಏನಾಗುತ್ತದೆ ಎಂದು ಕೇಳಿದಳು. ನಾನು ಅದನ್ನು ಮಾಡಿಯೇ ಇರಲಿಲ್ಲ. ಮಾಡಿ ನೋಡಿದರೆ ಅದೂ ನೀಲಿ, ಬೇಳೆ ಕಲಸಿದ ಬರಿಯ ನೀರೂ ನೀಲಿ, ಕೊನೆಗೆ ಬೇಳೆಯನ್ನೂ ಹಾಕದ ಕೊಳವೆಬಾವಿಯ ನೀರೂ ನೀಲಿ. ನಮ್ಮ ಭಾಗದ ಆಳದ ಕೊಳವೆಬಾವಿಗಳ ನೀರಿನಲ್ಲಿ ಬೈಕಾರ್ಬೊನೇಟ್ ಹೇರಳವಾಗಿರುವುದರಿಂದ ಅದು ತಾನಾಗಿಯೇ ಪ್ರತ್ಯಾಮ್ಲೀಯವಾಗಿರುತ್ತದೆ. ಹಂಡೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುವುದನ್ನು ದಿನವೂ ನೋಡುತ್ತಿದ್ದರೂ ನನಗೆ ಅದು ಹೊಳೆಯಲಿಲ್ಲ. ಮರುದಿನ ಮಕ್ಕಳ ಮುಂದೆ ಗೆಲುವಿನ ಸುದ್ದಿಯನ್ನು ವಾಪಸು ಪಡೆದೆ.

ನವೆಂಬರ್ 16

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 5 ರೂಪಾಯಿಗೆ 20 ಲೀಟರ್ ಕ್ಯಾನು ತಂದೆ. ಈ ನೀರಿನಲ್ಲಿ ಲಿಟ್ಮಸ್ ಕೆಂಪಾಗಿಯೇ ಉಳಿಯಿತು. ಇದೇ ನೀರಿನಲ್ಲಿ ಬೇಳೆ ಕಲಸಿ, ಯೂರಿಯಾ ಬೆರೆಸಿದ ಹಾಲಿಗೆ ಹಾಕಿದೆ. ಈಗ ಎರಡೂ ಪ್ರನಾಳಗಳಲ್ಲಿ, ಅಂದರೆ ಯೂರಿಯಾ ಇದ್ದದ್ದರಲ್ಲೂ ಇಲ್ಲದ್ದರಲ್ಲೂ, ಕಾಗದ ಕೆಂಪಾಗಿಯೇ ಉಳಿಯಿತು. ಹಿಂದಿನ ನೀಲಿಗೆ ಕಾರಣ ನೀರು ಮಾತ್ರವಾಗಿತ್ತು. ಬೇಳೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬೇಳೆಯ ಡಬ್ಬವನ್ನು ಹಿಡಿದು ಅಮ್ಮನನ್ನು ಕೇಳಿದಾಗ ವಿಷಯ ಬಯಲಾಯಿತು. "ಹುಳ ಬೀಳ್ತದೆ ಅಂತ ತಂದ ದಿನಾನೇ ಘಮ್ಮನ್ನೋವರೆಗೂ ಹುರಿದಿಟ್ಟಿದ್ದೀನಿ ಕಣಪ್ಪ, ಅದ್ರಲ್ಲಿ ಏನು ತಪ್ಪು?" ಎಂದರು. ಅಡುಗೆಯ ದೃಷ್ಟಿಯಿಂದ ಯಾವ ತಪ್ಪೂ ಇರಲಿಲ್ಲ. ಕಿಣ್ವವೆಂಬುದು ಒಂದು ಪ್ರೋಟೀನು. ಅದರ ಉದ್ದನೆಯ ಸರಪಳಿ ನಿರ್ದಿಷ್ಟ ರೀತಿಯಲ್ಲಿ ಸುತ್ತಿಕೊಂಡು ಮಡಿಸಿಕೊಂಡಾಗ ಮಾತ್ರ ಅದರಲ್ಲಿ ಒಂದು ಸಣ್ಣ ಪೊಟರೆ ಉಂಟಾಗುತ್ತದೆ. ಯೂರಿಯೇಸ್‌ನ ಆ ಪೊಟರೆಯ ತಳದಲ್ಲಿ ಎರಡು ನಿಕ್ಕಲ್ ಪರಮಾಣುಗಳು ಕುಳಿತಿರುತ್ತವೆ. ಕಿಣ್ವವೊಂದರಲ್ಲಿ ನಿಕ್ಕಲ್ ಇರುವುದು ಮೊದಲು ಗೊತ್ತಾದದ್ದೇ ಯೂರಿಯೇಸ್‌ನಿಂದ, 1975ರಲ್ಲಿ. ಬಾಣಲೆಯ ಶಾಖಕ್ಕೆ ಮಡಿಕೆ ಬಿಚ್ಚಿಕೊಂಡರೆ ಪ್ರೋಟೀನೂ ಇರುತ್ತದೆ, ನಿಕ್ಕಲ್ಲೂ ಇರುತ್ತದೆ, ಆದರೆ ಯೂರಿಯಾ ಬಂದು ಕೂರುವ ಜಾಗ ಇರುವುದಿಲ್ಲ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದು ಬಿತ್ತನೆಗೆಂದು ಎತ್ತಿಟ್ಟಿದ್ದ ತೊಗರಿಕಾಳು ಮಡಕೆಯಲ್ಲಿತ್ತು. ಅದರಲ್ಲಿ ಎರಡು ಹಿಡಿ ತೆಗೆದು ಬೀಸಿ ಹಾಕಿದೆ. 4 ನಿಮಿಷದಲ್ಲಿ ಲಿಟ್ಮಸ್ ನೀಲಿಯಾಯಿತು, ಯೂರಿಯಾ ಇಲ್ಲದ ಪ್ರನಾಳದಲ್ಲಿ ಆಗ ಕೆಂಪಾಗಿಯೇ ಇತ್ತು. ಅಮ್ಮ ಹುರಿದ ಬೇಳೆಯ ಪುಡಿಯನ್ನು ಎಸೆಯದೆ ಬೇರೆ ಸೀಸೆಯಲ್ಲಿ ಹಾಕಿ ಚೀಟಿ ಅಂಟಿಸಿದೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ನವೆಂಬರ್ 23

ಲಿಟ್ಮಸ್‌ನ ಬಣ್ಣ ಬದಲಾವಣೆಯನ್ನು ಗಡಿಯಾರ ಹಿಡಿದು ಅಳೆಯುವುದು ಕಷ್ಟ. ಇಬ್ಬರು ನೋಡಿದರೆ ಎರಡು ಸಮಯ ಹೇಳುತ್ತಾರೆ. ಬೆಂಗಳೂರಿಗೆ ಹೋಗಿದ್ದಾಗ ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ 125 ಮಿಲಿ ಫೀನಾಲ್ ರೆಡ್ ದ್ರಾವಣವನ್ನು 180 ರೂಪಾಯಿಗೆ ತಂದೆ. ಇದು ಪಿಎಚ್ 6.8ರ ಕೆಳಗೆ ಹಳದಿ, 8.2ರ ಮೇಲೆ ಕೆಂಗುಲಾಬಿ. ಹಾಲಿನ ಸ್ವಾಭಾವಿಕ ಪಿಎಚ್ ಹಳದಿಯ ಅಂಚಿನಲ್ಲೇ ಇರುವುದರಿಂದ ಅಲ್ಲಿಂದ ಸ್ವಲ್ಪ ಏರಿದರೂ ಕಣ್ಣಿಗೆ ಕಾಣುತ್ತದೆ. ಮೊದಲೇ ಇದನ್ನು ತಂದಿದ್ದರೆ ಅರಿಸಿನದ ಅಧ್ಯಾಯ ತಪ್ಪುತ್ತಿತ್ತು.

100 ಮಿಲಿ ನೀರಿನಲ್ಲಿ 10 ಗ್ರಾಂ ಯೂರಿಯಾ ಕರಗಿಸಿ ಮೂಲ ದ್ರಾವಣ ಮಾಡಿಕೊಂಡೆ. ಬೇವಿನೆಣ್ಣೆ ಲೇಪಿಸಿದ ಗೊಬ್ಬರವಾದ್ದರಿಂದ ಮೇಲೆ ಜಿಡ್ಡು ತೇಲಿತು. ಎರಡು ಬಾರಿ ಸೋಸಬೇಕಾಯಿತು. ಯೂರಿಯಾ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಮರೆತು, ಸೀಸೆ ತಣ್ಣಗಿರುವಾಗಲೇ ಅದನ್ನು ಬಳಸಿ ಸಮಯ ಅಳೆದದ್ದು ಈ ದಿನದ ತಪ್ಪು. ತಾಪಮಾನ ನೋಡಿದರೆ ಕೋಣೆಗಿಂತ 5 ಡಿಗ್ರಿಗೂ ಹೆಚ್ಚು ಕೆಳಗಿತ್ತು.

ಇನ್ನೂ ದೊಡ್ಡ ತಪ್ಪು ಬೇರೆ ಇತ್ತು. ಬೆಳಿಗ್ಗೆ 7 ಗಂಟೆಗೆ 16 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆ ಗುಲಾಬಿಯಾಗಲು 9 ನಿಮಿಷ ತೆಗೆದುಕೊಂಡರೆ, ಮಧ್ಯಾಹ್ನ 28 ಡಿಗ್ರಿಯಲ್ಲಿ ಅದೇ ಪುಡಿ, ಅದೇ ಯೂರಿಯಾ 4 ನಿಮಿಷದಲ್ಲಿ ಮುಗಿಸಿತು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಬೇರೆ ಬೇರೆ ತೀರ್ಪು ಕೊಡುವ ಪೆಟ್ಟಿಗೆ ಯಾರಿಗೂ ಬೇಡ. ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿಯದೆ ಗತ್ಯಂತರವಿರಲಿಲ್ಲ.

ಇದೇ ದಿನ, ಕುದಿಸಿ ಆರಿಸಿದ ನೀರಿನಲ್ಲಿ ಯೂರಿಯಾ ಮತ್ತು ಫೀನಾಲ್ ರೆಡ್ ಹಾಕಿ, ತೊಗರಿ ಮಾತ್ರ ಹಾಕದೆ, ಮುಚ್ಚಳ ಬಿಗಿದ ಒಂದು ಸೀಸೆಯನ್ನು ಕಪಾಟಿನಲ್ಲಿಟ್ಟೆ.

ನವೆಂಬರ್ 29 ಮತ್ತು 30

ಔಷಧಿ ಅಂಗಡಿಯಲ್ಲಿ ಬಿಟ್ಟಿಯಾಗಿ ಸಿಕ್ಕ ಥರ್ಮೋಕೋಲ್ ಪೆಟ್ಟಿಗೆ: ಉದ್ದ 38, ಅಗಲ 26, ಎತ್ತರ 24 ಸೆಂಟಿಮೀಟರ್. ಅದರ ಒಳಗೆ ಕೂರುವಂತೆ ಹಳೆಯ ಹಲಗೆಯೊಂದನ್ನು ಕೊಯ್ದು, 18 ಮಿಲಿಮೀಟರ್ ಬೈರಿಗೆಯಿಂದ 2 ಸಾಲುಗಳಲ್ಲಿ 12 ರಂಧ್ರ ಕೊರೆದೆ. ಪ್ರನಾಳದ ದಪ್ಪ 16 ಮಿಲಿಮೀಟರ್. ಬಾಯಂಚು ರಂಧ್ರದ ಮೇಲೆ ನಿಲ್ಲುತ್ತದೆಂದು ನಂಬಿದ್ದೆ, ಆದರೆ ಎರಡು ಪ್ರನಾಳ ಜಾರಿ ನೀರಿಗೆ ಬಿದ್ದವು. ಪ್ರತಿಯೊಂದರ ಕುತ್ತಿಗೆಗೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿದ ಮೇಲೆ ಸರಿಹೋಯಿತು.

ನೀರು ಕಾಯಿಸಲು 50 ವ್ಯಾಟಿನ ಅಕ್ವೇರಿಯಂ ಹೀಟರ್ ತಂದೆ, 320 ರೂಪಾಯಿ. ಮೀನಿನ ತೊಟ್ಟಿಗೆ ಮಾಡಿದ್ದಾದ್ದರಿಂದ ಅದರ ತಿರುಗಣೆ 32 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ತೊಗರಿಯ ಯೂರಿಯೇಸ್ ಇನ್ನೂ ಹೆಚ್ಚಿನ ಶಾಖದಲ್ಲಿ ಇನ್ನೂ ಬೇಗ ಕೆಲಸ ಮಾಡುತ್ತದೆ. 50 ಡಿಗ್ರಿಯ ನೀರಿನಲ್ಲಿ ಇಟ್ಟು ನೋಡಿದಾಗ 2 ನಿಮಿಷದೊಳಗೆ ಬಣ್ಣ ಬಂದಿತು. ಆದರೆ ಕುದಿಯುವ ನೀರಿನಲ್ಲಿ 10 ನಿಮಿಷ ಇಟ್ಟು ಆರಿಸಿದ ರಸ ಮತ್ತೆ ಎಂದಿಗೂ ಕೆಲಸ ಮಾಡಲಿಲ್ಲ. ಶಾಖ ಏರಿದಂತೆ ವೇಗ ಏರುತ್ತದೆ ಎಂಬ ನಿಯಮ ಕಿಣ್ವದ ಮಡಿಕೆ ತಡೆಯುವಷ್ಟು ದೂರ ಮಾತ್ರ ನಡೆಯುತ್ತದೆ.

ಭಾನುವಾರ ಸಂಜೆ ಪೆಟ್ಟಿಗೆಯ ನೀರು ಬದಲಿಸುವಾಗ ಹೀಟರ್‌ನ ಪ್ಲಗ್ ತೆಗೆಯುವುದನ್ನು ಮರೆತೆ. ನೀರಿಲ್ಲದೆ ಕಾದ ಗಾಜಿನ ಕೊಳವೆಯ ಮೇಲೆ ತಣ್ಣೀರು ಸುರಿದ ಕೂಡಲೇ ಅದು ಚಟ್ಟೆಂದು ಸೀಳಿತು. ಮತ್ತೆ 320 ರೂಪಾಯಿ. ವಿದ್ಯುತ್ತು ಹರಿಯುತ್ತಿದ್ದ ಒಡೆದ ಹೀಟರ್ ಇದ್ದ ನೀರಿಗೆ ನಾನು ಕೈ ಹಾಕದೇ ಹೋದದ್ದು ಅದೃಷ್ಟವಷ್ಟೆ. ಈಗ ಪೆಟ್ಟಿಗೆಯ ಮುಚ್ಚಳದ ಮೇಲೆ "ಮೊದಲು ಪ್ಲಗ್, ಆಮೇಲೆ ನೀರು" ಎಂದು ಕೆಂಪು ಅಕ್ಷರದಲ್ಲಿ ಬರೆದಿದೆ, ಮಕ್ಕಳಿಗೆ ಪ್ಲಗ್ ಮುಟ್ಟಲು ಅನುಮತಿ ಇಲ್ಲ.

ಡಿಸೆಂಬರ್ 6

ಪೆಟ್ಟಿಗೆ 32 ಡಿಗ್ರಿಯಲ್ಲಿ ಅರ್ಧ ಡಿಗ್ರಿ ಆಚೀಚೆ ನಿಂತಿತ್ತು, ನೀರು ಸರಿಯಾಗಿತ್ತು, ತೊಗರಿ ಹಸಿಯಾಗಿತ್ತು. ಆದರೂ ಆ ಶನಿವಾರ ಒಂದು ಪ್ರನಾಳವೂ ಗುಲಾಬಿಯಾಗಲಿಲ್ಲ. ಪುಡಿ ಕೆಟ್ಟಿತೆಂದು ಹೊಸದಾಗಿ ಬೀಸಿದೆ, ಆಗಲಿಲ್ಲ. ಯೂರಿಯಾ ದ್ರಾವಣ ಹಳೆಯದೆಂದು ಹೊಸದು ಮಾಡಿದೆ, ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಅಂದು ಹೊಸದಾಗಿ ಬಳಸಿದ ವಸ್ತು ಯಾವುದೆಂದು ಪಟ್ಟಿ ಮಾಡಿದಾಗ ಉಳಿದದ್ದು ಅಳತೆಯ ಪ್ಲಾಸ್ಟಿಕ್ ಲೋಟ ಒಂದೇ. ಅದನ್ನು ಚಿಕ್ಕಪ್ಪನ ದ್ರಾಕ್ಷಿ ತೋಟದ ಶೆಡ್ಡಿನಿಂದ ತಂದಿದ್ದೆ. ಬೆಳಕಿಗೆ ಹಿಡಿದರೆ ತಳದ ಗೆರೆಯ ಸುತ್ತ ತಿಳಿನೀಲಿಯ ಹರಳು ಅಂಟಿತ್ತು: ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸುವ ಲೋಟ.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಯೂರಿಯೇಸ್‌ನ ಪೊಟರೆಯ ಬಾಯಿಗೆ ಒಂದು ಸಣ್ಣ ಮುಚ್ಚಳದಂತಹ ಭಾಗವಿದೆ. ಯೂರಿಯಾ ಒಳಗೆ ಬಂದಾಗ ಅದು ಮುಚ್ಚಿಕೊಂಡು, ಕೆಲಸ ಮುಗಿದ ಮೇಲೆ ತೆರೆದುಕೊಳ್ಳುತ್ತದೆ. ಆ ಮುಚ್ಚಳದ ಮೇಲೆ ಗಂಧಕವಿರುವ ಒಂದು ಅಮೈನೊ ಆಮ್ಲವಿದೆ. ತಾಮ್ರ, ಬೆಳ್ಳಿ, ಪಾದರಸದಂತಹ ಲೋಹಗಳ ಅಯಾನುಗಳು ಗಂಧಕಕ್ಕೆ ಬಲವಾಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಮೇಲೆ ಮುಚ್ಚಳ ಆಡುವುದಿಲ್ಲ, ಕಿಣ್ವದ ಕೆಲಸ ನಿಲ್ಲುತ್ತದೆ. ಕಿಣ್ವಕ್ಕೂ ಅದು ಕೆಲಸ ಮಾಡುವ ವಸ್ತುವಾದ ಸಬ್‌ಸ್ಟ್ರೇಟ್‌ಗೂ ಇರುವ ಸಂಬಂಧವನ್ನು ಎಮಿಲ್ ಫಿಷರ್ 1894ರಲ್ಲಿ ಬೀಗ ಮತ್ತು ಕೀಲಿಗೆ ಹೋಲಿಸಿದನೆಂದು ನಾವು ಪಾಠದಲ್ಲಿ ಹೇಳುತ್ತೇವೆ. ಸಬ್‌ಸ್ಟ್ರೇಟ್ ಬಂದಾಗ ಕಿಣ್ವವೂ ತನ್ನ ಆಕಾರವನ್ನು ಹೊಂದಿಸಿಕೊಳ್ಳುತ್ತದೆ ಎಂದು ಡೇನಿಯಲ್ ಕೋಶ್‌ಲ್ಯಾಂಡ್ 1958ರಲ್ಲಿ ತಿದ್ದಿದ್ದನ್ನು ಅನೇಕ ಬಾರಿ ಬಿಟ್ಟುಬಿಡುತ್ತೇವೆ. ನಾನೂ ಬಿಡುತ್ತಿದ್ದೆ. ಆಡುವ ಮುಚ್ಚಳ ಸಿಕ್ಕಿಹಾಕಿಕೊಂಡು ಒಂದು ಶನಿವಾರ ಹಾಳಾದ ಮೇಲೆ ಇನ್ನು ಬಿಡಲಾರೆ.

ಲೋಟವನ್ನು ಶೆಡ್ಡಿಗೆ ಹಿಂದಿರುಗಿಸಿ, 5 ಮಿಲಿಯ ಎರಡು ಸಿರಿಂಜನ್ನು 20 ರೂಪಾಯಿಗೆ ಕೊಂಡೆ. ಸೂಜಿ ಇಲ್ಲದ ಸಿರಿಂಜು ಇಂತಹ ಅಳತೆಗೆ ಲೋಟಕ್ಕಿಂತ ಎಷ್ಟೋ ಮೇಲು.

ಡಿಸೆಂಬರ್ 7

ಈ ದಿನ ಏನೂ ಕೆಡಲಿಲ್ಲ. 10 ಗ್ರಾಂ ಹಸಿ ತೊಗರಿ ಪುಡಿಯನ್ನು 100 ಮಿಲಿ ನೀರಿನಲ್ಲಿ 20 ನಿಮಿಷ ನೆನೆಸಿ, ಬಟ್ಟೆಯಲ್ಲಿ ಸೋಸಿ ತಿಳಿ ತೆಗೆದೆ. ಪ್ರತಿ ಪ್ರನಾಳಕ್ಕೆ 5 ಮಿಲಿ ಯೂರಿಯಾ ದ್ರಾವಣ, 2 ಮಿಲಿ ತೊಗರಿ ತಿಳಿ, 3 ಹನಿ ಫೀನಾಲ್ ರೆಡ್. ಪಕ್ಕದಲ್ಲಿ ಗುರುತಿಗಾಗಿ ಇಟ್ಟ ಗುಲಾಬಿ ಪ್ರನಾಳದ ಬಣ್ಣಕ್ಕೆ ಸಮನಾಗಲು ಬೇಕಾದ ಸಮಯವನ್ನು ಮೂರು ಮೂರು ಬಾರಿ ಅಳೆದು ಸರಾಸರಿ ತೆಗೆದೆ. ಯೂರಿಯಾದ ಪ್ರಮಾಣ ಎಲ್ಲವನ್ನೂ ಬೆರೆಸಿದ ನಂತರ 100 ಮಿಲಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿದೆ.

20 ಮಿಲಿಗ್ರಾಂ: 5 ನಿಮಿಷ 35 ಸೆಕೆಂಡು
50 ಮಿಲಿಗ್ರಾಂ: 4 ನಿಮಿಷ 5 ಸೆಕೆಂಡು
100 ಮಿಲಿಗ್ರಾಂ: 3 ನಿಮಿಷ 25 ಸೆಕೆಂಡು
500 ಮಿಲಿಗ್ರಾಂ: 3 ನಿಮಿಷ 5 ಸೆಕೆಂಡು
1000 ಮಿಲಿಗ್ರಾಂ: 3 ನಿಮಿಷ

ಯೂರಿಯಾ 50 ಪಟ್ಟು ಹೆಚ್ಚಿದರೂ ವೇಗ ಎರಡು ಪಟ್ಟು ಕೂಡ ಆಗಲಿಲ್ಲ. 500ರಿಂದ 1000ಕ್ಕೆ ಏರಿಸಿದಾಗಲಂತೂ 5 ಸೆಕೆಂಡಿನ ವ್ಯತ್ಯಾಸ, ಅದು ನನ್ನ ಕಣ್ಣಿನ ತಪ್ಪೂ ಆಗಿರಬಹುದು. ಡೈರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು ಎಷ್ಟೇ ಉದ್ದವಾದರೂ ಅಳೆಯುವವನು ಒಬ್ಬನೇ ಆದರೆ ನಿಮಿಷಕ್ಕೆ ಅಳೆಯುವ ಹಾಲು ಹೆಚ್ಚುವುದಿಲ್ಲವಲ್ಲ. ಇಲ್ಲಿಯೂ ಪೊಟರೆಗಳೆಲ್ಲ ತುಂಬಿದ ಮೇಲೆ ಉಳಿದ ಯೂರಿಯಾ ಕಾಯಲೇಬೇಕು. ಈ ನಡೆಯನ್ನು ಸಕ್ಕರೆ ಒಡೆಯುವ ಇನ್ವರ್ಟೇಸ್ ಕಿಣ್ವದ ಮೇಲೆ ಅಳೆದು ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲಿ ಸಮೀಕರಣವಾಗಿ ಬರೆದರು. ಜ್ಯಾಕ್ ಬೀನ್ ಎಂಬ ಕಾಳಿನ ಯೂರಿಯೇಸ್ ತನ್ನ ಗರಿಷ್ಠ ವೇಗದ ಅರ್ಧವನ್ನು 100 ಮಿಲಿಗೆ ಸುಮಾರು 18 ಮಿಲಿಗ್ರಾಂ ಯೂರಿಯಾ ಇದ್ದಾಗ ಮುಟ್ಟುತ್ತದೆ. ನನ್ನ ಪಟ್ಟಿಯ ಮೊದಲ ಸಾಲು ಅದರ ಹತ್ತಿರವೇ ಬಂದದ್ದು ನೋಡಿ, ಒಪ್ಪಿಕೊಳ್ಳುತ್ತೇನೆ, ಬಹಳ ಸಂತೋಷವಾಯಿತು.

ಪೆಟ್ಟಿಗೆಯ ಮಟ್ಟಿಗೆ ಮಾತ್ರ ಇದು ಕೆಟ್ಟ ಸುದ್ದಿ. ಬಣ್ಣ ಬರುವ ವೇಗವನ್ನು ನೋಡಿ ಯೂರಿಯಾ ಎಷ್ಟು ಬೆರೆತಿದೆ ಎಂದು ಹೇಳುವ ಯೋಜನೆ ನನ್ನದಾಗಿತ್ತು. 8 ಬಣ್ಣಗಳ ಅಳತೆಪಟ್ಟಿಯನ್ನೂ ಬರೆದಿಟ್ಟಿದ್ದೆ. ಅದನ್ನು ಹರಿದು ಹಾಕಿದೆ.

ಡಿಸೆಂಬರ್ 13

ಕಿಣ್ವದಂತಹ ಕ್ರಿಯಾವರ್ಧಕವು ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಬೇಕಿತ್ತು. ಗುಲಾಬಿಯಾದ ಪ್ರನಾಳಕ್ಕೆ ನಿಂಬೆರಸದ ಹನಿ ಹಾಕಿ ಮತ್ತೆ ಹಳದಿ ಮಾಡಿ, ಇನ್ನಷ್ಟು ಯೂರಿಯಾ ಹಾಕಿದರೆ ಮತ್ತೆ ಗುಲಾಬಿಯಾಗಬೇಕು. ಆಯಿತು. ಆದರೆ ಯೂರಿಯಾ ಹಾಕದೆ ಬಿಟ್ಟದ್ದೂ ಗುಲಾಬಿಯಾಯಿತು, ಏಕೆಂದರೆ ಮೊದಲ ಬಾರಿಯ ಯೂರಿಯಾದಲ್ಲಿ ಬಹುಪಾಲು ಇನ್ನೂ ಒಡೆಯದೆ ಉಳಿದಿತ್ತು. ಮೂರನೆಯ ಸುತ್ತಿನಲ್ಲಿ ನಿಂಬೆರಸ ಒಂದಿಷ್ಟು ಹೆಚ್ಚಾಗಿ ಬಿದ್ದು ಕಿಣ್ವವೇ ಸತ್ತಿತು. ತೀರ ಆಮ್ಲೀಯ ದ್ರಾವಣದಲ್ಲಿ ಯೂರಿಯೇಸ್‌ನ ಮಡಿಕೆ ಉಳಿಯುವುದಿಲ್ಲ.

ಬೇರೆ ದಾರಿ ಹಿಡಿದೆ. ಪುಡಿಯ ಬದಲು ನುಚ್ಚಾಗಿ ಒಡೆದ ತೊಗರಿಯನ್ನು 1 ಗ್ರಾಂನಷ್ಟು ತೆಳು ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ, ದಾರದಿಂದ ಯೂರಿಯಾ ದ್ರಾವಣದಲ್ಲಿ ಇಳಿಬಿಟ್ಟೆ. ಬಣ್ಣ ಬಂದ ಮೇಲೆ ಗಂಟನ್ನು ಎತ್ತಿ, ಶುದ್ಧ ನೀರಿನಲ್ಲಿ ಮೂರು ಬಾರಿ ಜಾಲಿಸಿ ಮುಂದಿನ ಪ್ರನಾಳಕ್ಕೆ ಬಿಟ್ಟೆ. ಜಾಲಿಸಿದ ಕೊನೆಯ ನೀರು ಹಳದಿಯಾಗಿಯೇ ಉಳಿಯುವುದನ್ನು ಪ್ರತಿ ಬಾರಿಯೂ ನೋಡಿಕೊಂಡೆ. ಒಂದೇ ಗಂಟು 5 ಪ್ರನಾಳಗಳನ್ನು ಗುಲಾಬಿ ಮಾಡಿತು. ಕೊನೆಕೊನೆಗೆ ನಿಧಾನವಾಯಿತು, ಆದರೆ ಅದು ಕಿಣ್ವ ಸವೆದದ್ದಕ್ಕಲ್ಲ, ಪ್ರತಿ ಸಲವೂ ಒಂದಿಷ್ಟು ಪ್ರೋಟೀನು ನೀರಿಗೆ ತೊಳೆದು ಹೋದದ್ದಕ್ಕೆ ಎಂದು ನನ್ನ ಅನಿಸಿಕೆ.

ಸಕ್ಕರೆ, ಉಪ್ಪು, ಅಮೋನಿಯಂ ಸಲ್ಫೇಟು ಇವುಗಳ ದ್ರಾವಣಕ್ಕೂ ಗಂಟು ಇಳಿಬಿಟ್ಟು ನೋಡಿದೆ. ಯಾವುದರಲ್ಲೂ ಬಣ್ಣವಿಲ್ಲ. ಸಾರಜನಕ ಅಮೋನಿಯಂ ಸಲ್ಫೇಟಿನಲ್ಲೂ ಇದೆ, ಆದರೆ ಅದು ಆ ಪೊಟರೆಗೆ ಹೊಂದುವ ಆಕಾರವಲ್ಲ. ಹಾಲಿಗೆ ಅದನ್ನು ಬೆರೆಸಿದ್ದರೆ ಈ ಪೆಟ್ಟಿಗೆ ಹಿಡಿಯುವುದಿಲ್ಲ ಎಂಬುದನ್ನೂ ಬರೆದಿಡಬೇಕು.

ಡಿಸೆಂಬರ್ 14

ನೀರಿನಿಂದ ಮತ್ತೆ ಹಾಲಿಗೆ ಬಂದೆ. 5 ಮಿಲಿ ಹಾಲು, ಅರ್ಧ ಗ್ರಾಂ ಹಸಿ ತೊಗರಿ ಪುಡಿ, 4 ಹನಿ ಫೀನಾಲ್ ರೆಡ್. ಪ್ರನಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಹಸುವಿಗೆ ಮೇವು ಹಾಕಲು ಹೋದವನು ಅರ್ಧ ಗಂಟೆಯ ನಂತರ ಬಂದು ನೋಡಿದರೆ, ಕರೆದು ನೇರವಾಗಿ ತಂದ, ಏನನ್ನೂ ಬೆರೆಸದ ನಮ್ಮ ಹಸುಗಳ ಹಾಲೂ ಗುಲಾಬಿಯಾಗಿತ್ತು.

ಹಾಲಿನಲ್ಲಿ ಯೂರಿಯಾ ಸ್ವಾಭಾವಿಕವಾಗಿಯೇ ಇರುತ್ತದೆ. ಸಾಮಾನ್ಯವಾಗಿ 100 ಮಿಲಿಗೆ 20ರಿಂದ 40 ಮಿಲಿಗ್ರಾಂ. ಕಾನೂನಿನ ಮಿತಿ ಕಿಲೋಗೆ 700 ಮಿಲಿಗ್ರಾಂ, ಅಂದರೆ 100 ಗ್ರಾಂ ಹಾಲಿಗೆ 70. ಹಸು ತಿಂದ ಪ್ರೋಟೀನು ಹೆಚ್ಚಿದಷ್ಟೂ ರಕ್ತದಲ್ಲಿ, ಅದರಿಂದ ಹಾಲಿನಲ್ಲಿ, ಯೂರಿಯಾ ಹೆಚ್ಚುತ್ತದೆ. ಕಾಯಲು ಸಮಯವಿದ್ದರೆ ಕಿಣ್ವ ಈ ಸ್ವಾಭಾವಿಕ ಯೂರಿಯಾವನ್ನೂ ಒಡೆಯುತ್ತದೆ. ಬೆರೆಸಿದ್ದು ಯಾವುದು, ಹಸು ಕೊಟ್ಟದ್ದು ಯಾವುದು ಎಂದು ಅದು ಕೇಳುವುದಿಲ್ಲ.

ಪುಡಿಯನ್ನು 0.3 ಗ್ರಾಂಗೆ ಇಳಿಸಿ ಗಡಿಯಾರ ಹಿಡಿದು ಕುಳಿತೆ. 100 ಮಿಲಿಗೆ 200 ಮಿಲಿಗ್ರಾಂ ಯೂರಿಯಾ ಬೆರೆಸಿದ ಹಾಲು 4 ನಿಮಿಷ 30 ಸೆಕೆಂಡಿಗೆ ಗುಲಾಬಿಯಾಯಿತು. ಏನೂ ಬೆರೆಸದ ಗೌರಿಯ ಹಾಲು 9 ನಿಮಿಷಕ್ಕೆ, ಲಕ್ಷ್ಮಿಯ ಹಾಲು ಏಳೂವರೆ ನಿಮಿಷಕ್ಕೆ. ಲಕ್ಷ್ಮಿ ಹೊಸದಾಗಿ ಕರು ಹಾಕಿದ್ದಾಳೆಂದು ಅವಳಿಗೆ ಕಡಲೆಕಾಯಿ ಹಿಂಡಿ ಹೆಚ್ಚು ಹಾಕುತ್ತಿದ್ದೇವೆ. 10 ನಿಮಿಷ ಕಾದು ನೋಡುವ ಅಭ್ಯಾಸವಿರುವವರು ಇವರಿಬ್ಬರ ಹಾಲನ್ನೂ ಕಲಬೆರಕೆ ಎಂದೇ ಹೇಳಿಬಿಡುತ್ತಿದ್ದರು. ಹಿಂದಿನ ಭಾನುವಾರದ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಕಾರಣ ತಿಳಿಯುತ್ತದೆ: 30 ಮಿಲಿಗ್ರಾಂ ಇದ್ದಾಗಲೇ ಕಿಣ್ವ ತನ್ನ ಗರಿಷ್ಠ ವೇಗದ ಅರ್ಧಕ್ಕಿಂತ ಮೇಲೆ ಓಡುತ್ತಿರುತ್ತದೆ, ಹಾಗಾಗಿ ಒಳ್ಳೆಯ ಹಾಲಿಗೂ ಕೆಟ್ಟ ಹಾಲಿಗೂ ನಡುವೆ ಸಿಗುವ ಅಂತರ ಮೂರರಿಂದ ನಾಲ್ಕೂವರೆ ನಿಮಿಷ ಮಾತ್ರ. ಆದ್ದರಿಂದ 5ನೆಯ ನಿಮಿಷಕ್ಕೆ ನೋಡಬೇಕು, 6ನೆಯ ನಿಮಿಷದಲ್ಲಿ ಪ್ರನಾಳವನ್ನು ಖಾಲಿ ಮಾಡಬೇಕು. ಮಿತಿಯಾದ 70 ಮಿಲಿಗ್ರಾಂನ ಆಸುಪಾಸಿನಲ್ಲಿ ಈ ಪೆಟ್ಟಿಗೆಯ ಮಾತನ್ನು ಯಾರೂ ನಂಬಬಾರದು. ಧಾರಾಳವಾಗಿ ಬೆರೆಸಿದ್ದನ್ನು ಮಾತ್ರ ಇದು ಹಿಡಿಯಬಲ್ಲದು. ಅಲ್ಲಿಯೂ ಯಾರ ಮೇಲಾದರೂ ಬೆರಳು ತೋರಿಸುವ ಮುನ್ನ ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ಕಪಾಟಿನಲ್ಲಿ ಮೂರು ವಾರದಿಂದ ಕುಳಿತಿದ್ದ, ತೊಗರಿ ಇಲ್ಲದ ಸೀಸೆಯನ್ನು ಇಂದು ತೆಗೆದು ನೋಡಿದೆ. ಹಳದಿ. ಯೂರಿಯಾ ನೀರಿನಲ್ಲಿ ತಾನಾಗಿ ಒಡೆಯುವುದನ್ನು ವರ್ಷಗಳ ಲೆಕ್ಕದಲ್ಲಿ ಅಳೆಯಬೇಕು. ಯೂರಿಯೇಸ್ ಅದನ್ನು ಸುಮಾರು 1ರ ಮುಂದೆ 14 ಸೊನ್ನೆ ಹಾಕಿದಷ್ಟು ಪಟ್ಟು ವೇಗಗೊಳಿಸುತ್ತದೆ. ಪೊಟರೆಯೊಳಗೆ ಯೂರಿಯಾವನ್ನು ನಿಕ್ಕಲ್‌ಗಳು ಸರಿಯಾದ ಭಂಗಿಯಲ್ಲಿ ಹಿಡಿದು, ನೀರಿನ ಅಂಶವನ್ನು ಪಕ್ಕದಲ್ಲೇ ಸಿದ್ಧವಾಗಿಟ್ಟುಕೊಳ್ಳುವುದರಿಂದ, ಕ್ರಿಯೆ ದಾಟಬೇಕಾದ ಶಕ್ತಿಯ ದಿಬ್ಬ ತಗ್ಗುತ್ತದೆ. ಸೀಸೆಯ ಅರ್ಧ ದ್ರಾವಣಕ್ಕೆ ಒಂದು ಚಿಟಿಕೆ ಹಸಿ ಪುಡಿ ಹಾಕಿದೆ. ಮೇವಿನ ಬುಟ್ಟಿ ಎತ್ತಿಟ್ಟು ಬರುವಷ್ಟರಲ್ಲಿ ಅದು ಗುಲಾಬಿಯಾಗಿತ್ತು.

ಡಿಸೆಂಬರ್ 20

ಪಕ್ಕದ ಮನೆಯವರು ತಮ್ಮ ಹಾಲನ್ನೂ ನೋಡೆಂದು ತಂದುಕೊಟ್ಟರು. ಫೀನಾಲ್ ರೆಡ್ ಹಾಕಿದ ಮರುಕ್ಷಣವೇ, ತೊಗರಿ ಹಾಕುವ ಮೊದಲೇ, ಹಾಲು ಗುಲಾಬಿಯಾಯಿತು. ವಿಚಾರಿಸಿದರೆ ಆ ಹಸುವಿಗೆ ಕೆಚ್ಚಲುಬಾವು ಆಗಿತ್ತು. ಬಾವು ಬಂದ ಕೆಚ್ಚಲಿನ ಹಾಲು ಸಾಮಾನ್ಯ ಹಾಲಿಗಿಂತ ಪ್ರತ್ಯಾಮ್ಲೀಯವಾಗಿರುತ್ತದೆ. ಹುಳಿ ಮುಚ್ಚಲು ಸೋಡಾ ಬೆರೆಸಿದ ಹಾಲೂ ಹೀಗೆಯೇ ತೋರುತ್ತದೆ. ಯೂರಿಯಾದ ಸುಳಿವೇ ಇಲ್ಲದೆ ಬಣ್ಣ ಬರುವ ಇಂತಹ ಸಂದರ್ಭಕ್ಕೆ ಪ್ರತಿ ಹಾಲಿಗೂ ಜೋಡಿ ಪ್ರನಾಳ ಬೇಕು.

ಅಮ್ಮನ ಹುರಿದ ಪುಡಿಯ ಸೀಸೆ ಹೊರಬಂದದ್ದು ಇಲ್ಲಿ. ಒಂದು ಪ್ರನಾಳಕ್ಕೆ ಹಸಿ ಪುಡಿ, ಇನ್ನೊಂದಕ್ಕೆ ಅಷ್ಟೇ ತೂಕದ ಹುರಿದ ಪುಡಿ. ಬಣ್ಣ, ಕದಡು, ಪಿಷ್ಟ, ಪ್ರೋಟೀನು ಎಲ್ಲವೂ ಹೆಚ್ಚುಕಡಿಮೆ ಒಂದೇ. ಕಿಣ್ವದ ಆಕಾರ ಮಾತ್ರ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಎರಡೂ ಗುಲಾಬಿಯಾದರೆ ಹಾಲಿನಲ್ಲಿ ಬೇರೇನೋ ತೊಂದರೆಯಿದೆ, ಹಸಿ ಪುಡಿಯದು ಮಾತ್ರ ಗುಲಾಬಿಯಾದರೆ ಯೂರಿಯಾ. ಪಕ್ಕದ ಮನೆಯವರು ಪಶುವೈದ್ಯರನ್ನು ಕರೆಸಿದರು.

ಡಿಸೆಂಬರ್ 21

ಪೆಟ್ಟಿಗೆಯನ್ನು ಮುಗಿಸಿದ ದಿನ. 12 ರಂಧ್ರಗಳೆಂದರೆ ಈಗ 6 ಹಾಲುಗಳು: ಮೇಲಿನ ಸಾಲಿಗೆ ಹಸಿ ಪುಡಿ, ಕೆಳಗಿನ ಸಾಲಿಗೆ ಹುರಿದ ಪುಡಿ. 8 ಬಣ್ಣಗಳ ಪಟ್ಟಿಯ ಜಾಗದಲ್ಲಿ ಹಳದಿ, ನಡುವಿನ ಬಣ್ಣ, ಗುಲಾಬಿ ಎಂಬ ಮೂರೇ ಬಣ್ಣದ ಕಾರ್ಡು ಅಂಟಿಸಿದೆ. ನಡುವಿನ ಬಣ್ಣ ಬಂದರೆ "ಹೇಳಲಾಗದು" ಎಂದೇ ಬರೆಯಬೇಕು.

ಖರ್ಚು ಹೀಗಿದೆ: ಫೀನಾಲ್ ರೆಡ್ 180, ಹೀಟರ್ ಎರಡು 640, 0.01 ಗ್ರಾಂವರೆಗೆ ತೂಗುವ ಜೇಬಿನ ತಕ್ಕಡಿ 350, ತಾಪಮಾಪಕ 150, ಪ್ರನಾಳ ಒಂದು ಡಜನ್ 120, ಸಿರಿಂಜು 20, ನೀರು 5. ಒಟ್ಟು 1,465 ರೂಪಾಯಿ. ನನ್ನ ಮರೆವಿನ ಹೀಟರ್ ಕಳೆದರೆ 1,145. ಮಕ್ಕಳು ಆಡಿ ಹರಿದ ಲಿಟ್ಮಸ್ ಪುಸ್ತಕವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕೆಲಸ ಮಾಡುವ ಪದಾರ್ಥವಾದ ತೊಗರಿಗೆ ಒಂದು ರೂಪಾಯಿಯೂ ಆಗಲಿಲ್ಲ. ಜೇಮ್ಸ್ ಸಮ್ನರ್ 1926ರಲ್ಲಿ ಇದೇ ಯೂರಿಯೇಸನ್ನು ಜ್ಯಾಕ್ ಬೀನ್ ಹಿಟ್ಟಿನಿಂದ ಅಸಿಟೋನ್ ಬಳಸಿ ಹರಳಾಗಿ ಬೇರ್ಪಡಿಸಿ, ಕಿಣ್ವ ಎಂಬುದು ಪ್ರೋಟೀನೇ ಎಂದು ತೋರಿಸಿದನು. ಹದಿಹರೆಯದಲ್ಲೇ ಎಡಗೈ ಕಳೆದುಕೊಂಡಿದ್ದ ಅವನು ಸೋಸುವುದು, ಅಳೆಯುವುದು ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಿದನು. 1946ರಲ್ಲಿ ಅವನಿಗೆ ನೊಬೆಲ್ ಬಂದಿತು. ಎರಡು ಕೈ ಇದ್ದೂ ಪ್ಲಗ್ ತೆಗೆಯಲು ಮರೆತ ನನ್ನನ್ನು ನೋಡಿ ಮಕ್ಕಳು ನಗುವುದಕ್ಕೆ ಈ ಕಥೆಯೂ ಒಂದು ಕಾರಣವಾಗಿದೆ.

ಉಳಿದಿರುವ ಕೆಲಸ ಪುಡಿಯ ಆಯುಷ್ಯದ್ದು. ನೀರಿನಲ್ಲಿ ತೆಗೆದ ತಿಳಿ ಎರಡನೆಯ ದಿನಕ್ಕೇ ಹುಳಿತು ವಾಸನೆ ಬರುತ್ತದೆ, ಹುಳಿಯಿಂದ ಸೂಚಕವೂ ತಪ್ಪು ತೋರಿಸುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಒಣ ಪುಡಿಯನ್ನೇ ಇಟ್ಟಿದ್ದೇನೆ. ನವೆಂಬರ್ 16ರಂದು ಬೀಸಿದ ಪುಡಿಯಲ್ಲಿ 50 ಗ್ರಾಂ ಮುಚ್ಚಳ ಬಿಗಿದ ಸೀಸೆಯಲ್ಲಿ, 50 ಗ್ರಾಂ ಕಾಗದದ ಪೊಟ್ಟಣದಲ್ಲಿ ಎತ್ತಿಟ್ಟಿದ್ದೇನೆ. ಹೊಲದಲ್ಲಿ ತೊಗರಿ ಕಾಯಿ ಒಣಗುತ್ತಿದೆ. ಹೊಸ ಕಾಳು ಬಡಿದು ಬಂದ ಮೇಲೆ ಮೂರನ್ನೂ ಒಂದೇ ದಿನ, 32 ಡಿಗ್ರಿಯಲ್ಲಿ, ಗಡಿಯಾರ ಹಿಡಿದು ನೋಡಬೇಕು. ಅಲ್ಲಿಯವರೆಗೆ ಆ ಪೊಟ್ಟಣ ಅಮ್ಮನ ಬಾಣಲೆಗೆ ಬೀಳದಂತೆ ಶಾಲೆಯ ಕಪಾಟಿನಲ್ಲಿ ಬೀಗ ಹಾಕಿಟ್ಟಿದೆ.